ದುಡಿಮೆಯ ದಿನಗಳಲ್ಲಿ ಕವಿತೆ ಓದುವುದು ಹೇಗೆ?

ಪದವಿ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಕವಿತೆಯ ಪುಸ್ತಕವನ್ನು ಕೈಗೆತ್ತಿಕೊಂಡೇ ಇಲ್ಲವೆಂದು ತಾವು ಬರೆದಿದ್ದೀರಿ. ಒಂದು ಕಾಲಕ್ಕೆ ಮೆಚ್ಚಿದ್ದ ಕವಿತೆಗಳನ್ನು ಮತ್ತೆ ದಿನಚರಿಯೊಳಗೆ ತಂದುಕೊಳ್ಳುವ ಬಗೆ ಯಾವುದು, ಮೇಷ್ಟರ ನೆರವಿಲ್ಲದೆ ಓದಿದರೆ ಅವು ಅರ್ಥವಾದಾವೇ ಎಂದು ಕೇಳಿದ್ದೀರಿ. ನಾನು ದಾವಣಗೆರೆಯ ಎಪಿಎಂಸಿ ಪ್ರಾಂಗಣದ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು, ಓದಿದ್ದು ಬಿ.ಕಾಂ. ಆದ್ದರಿಂದ ವಿಮರ್ಶಕರಿಂದ ನಿರೀಕ್ಷಿಸುವ ಉತ್ತರ ನನ್ನಿಂದ ಸಿಗಲಾರದು. ಬೆಳಿಗ್ಗೆಯಿಂದ ಸಂಜೆಯವರೆಗೆ ಅಂಕಿಗಳ ನಡುವೆ ಇರುವ ಒಬ್ಬ ಓದುಗ ಕೆಲವು ಕವಿತೆಗಳನ್ನು ಹೇಗೆ ಉಳಿಸಿಕೊಂಡಿದ್ದಾನೆ ಎಂಬುದನ್ನು ಮಾತ್ರ ಹೇಳಬಲ್ಲೆ.

ಮೊದಲಿಗೆ, ದಿನಕ್ಕೊಂದು ಕವಿತೆ ಓದುತ್ತೇನೆಂಬ ಸಂಕಲ್ಪವನ್ನು ದಯವಿಟ್ಟು ಮಾಡಬೇಡಿ. ಹಾಗೆ ಓದಿದವರಿಗೆ ತಿಂಗಳ ಕೊನೆಯಲ್ಲಿ ಮೂವತ್ತು ಕವಿತೆಗಳ ಹೆಸರು ನೆನಪಿರಬಹುದೇ ಹೊರತು ಒಂದು ಕವಿತೆಯೂ ಮೈಗೂಡಿರುವುದಿಲ್ಲ. ಒಂದೇ ಕವಿತೆಯನ್ನು ಆರಿಸಿಕೊಂಡು, ಅದು ತಾನಾಗಿ ಬಾಯಿಗೆ ಬರುವವರೆಗೆ ಬೇರೊಂದನ್ನು ಮುಟ್ಟದಿರುವುದು ಮೇಲು. ಸಮಯವಿಲ್ಲ ಎಂಬ ಮಾತು ಕವಿತೆಯ ಮಟ್ಟಿಗೆ ನಿಲ್ಲುವುದಿಲ್ಲ. ಆರು ಸಾಲಿನ ವಚನವನ್ನು ನಿಧಾನವಾಗಿ ಹೇಳಿಕೊಂಡರೂ ಅರ್ಧ ನಿಮಿಷ ಸಾಕು. ನಮಗೆ ಕೊರತೆಯಾಗಿರುವುದು ನೆನಪು. ಅಂಕಗಳ ಆಸೆಗೆ ಶಾಲೆಯಲ್ಲಿ ಮಾಡಿಸಿದ ಕಂಠಪಾಠವನ್ನು ನಾವು ಕಾಲೇಜಿಗೆ ಬಂದ ಮೇಲೆ ಹಗುರವಾಗಿ ಕಂಡೆವು. ಆದರೆ ಬಾಯಲ್ಲಿ ಇಲ್ಲದ ಕವಿತೆ ಬೇಕಾದ ಗಳಿಗೆಯಲ್ಲಿ ಬರುವುದಿಲ್ಲ, ಆ ಗಳಿಗೆಯಲ್ಲಿ ಪುಸ್ತಕ ಹತ್ತಿರವಿರುವುದೂ ಇಲ್ಲ.

ನೆನಪಿಗೆ ನನ್ನ ದಾರಿ ಕೈಬರಹ. ಕಂಪ್ಯೂಟರ್ ಬಂದ ಮೇಲೆ ಅಂಗಡಿಯಲ್ಲಿ ಖಾಲಿ ಉಳಿದ ರೋಕಡ ಪುಸ್ತಕವೊಂದರಲ್ಲಿ ಕವಿತೆಗಳನ್ನು ನಕಲು ಮಾಡಿಕೊಳ್ಳುತ್ತೇನೆ. ನಕಲು ಮಾಡುವಾಗ ಸಾಲು ಎಲ್ಲಿ ಮುರಿಯಿತು, ಅಲ್ಪವಿರಾಮ ಎಲ್ಲಿದೆ, ಕವಿ ಒಂದೇ ಪದವನ್ನು ಎರಡು ಸಲ ಏಕೆ ತಂದರು ಎಂಬುದೆಲ್ಲ ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ. ವಚನಗಳ ವಿಷಯದಲ್ಲಿ ಒಂದು ಸ್ವಾತಂತ್ರ್ಯವೂ ಇದೆ. ಓಲೆಗರಿಗಳಲ್ಲಿ ವಚನಗಳನ್ನು ಸಾಲು ಮುರಿಯದೆ ಒಂದೇ ಸಮನೆ ಬರೆದಿರುತ್ತಿದ್ದರು. ಇಂದು ಅಚ್ಚಿನಲ್ಲಿ ಕಾಣುವ ಸಾಲುಗಳು ಸಂಪಾದಕರು ಮಾಡಿದ ವಿಭಜನೆ. ಆದ್ದರಿಂದ ವಚನವನ್ನು ಬರೆದುಕೊಳ್ಳುವಾಗ ನನ್ನ ಉಸಿರಿಗೆ ಒಪ್ಪುವಂತೆ ಸಾಲು ಮುರಿಯುತ್ತೇನೆ. ಅಡಿಗರ ಅಥವಾ ನರಸಿಂಹಸ್ವಾಮಿಯವರ ಕವಿತೆಗೆ ಹಾಗೆ ಕೈ ಹಚ್ಚುವಂತಿಲ್ಲ. ಅಲ್ಲಿನ ಪ್ರತಿಯೊಂದು ಸಾಲೂ ಕವಿಯೇ ಮುರಿದದ್ದು.

ಹೀಗೆ ಬರೆದುಕೊಂಡವುಗಳಲ್ಲಿ ನನ್ನೊಡನೆ ಹೆಚ್ಚು ಕಾಲ ಇರುವುದು ಅಕ್ಕಮಹಾದೇವಿಯ ‘ಬೆಟ್ಟದ ಮೇಲೊಂದು ಮನೆಯ ಮಾಡಿ’ ಎಂಬ ವಚನ. ಬೆಟ್ಟದ ಮೇಲೆ ಮನೆ ಮಾಡಿ ಮೃಗಗಳಿಗೆ ಅಂಜಿದರೆ ಹೇಗೆ, ಸಮುದ್ರದ ದಡದಲ್ಲಿ ಮನೆ ಮಾಡಿ ನೊರೆತೆರೆಗಳಿಗೆ ಅಂಜಿದರೆ ಹೇಗೆ ಎಂದು ಕೇಳಿದ ಅಕ್ಕ ಮೂರನೆಯದಾಗಿ ‘ಸಂತೆಯೊಳಗೊಂದು ಮನೆಯ ಮಾಡಿ, ಶಬ್ದಕ್ಕೆ ನಾಚಿದಡೆಂತಯ್ಯಾ’ ಎನ್ನುತ್ತಾಳೆ. ಶಾಲೆಯಲ್ಲಿ ಇದನ್ನು ತಾಳ್ಮೆಯ ಪಾಠವಾಗಿ ಹೇಳಿಕೊಟ್ಟಿದ್ದರು, ಅದು ತಪ್ಪೂ ಅಲ್ಲ. ಆದರೆ ಮೆಕ್ಕೆಜೋಳದ ಸುಗ್ಗಿಯಲ್ಲಿ ಲಾರಿಗಳ ಹಾರನ್ನು, ಹಮಾಲರ ಕೂಗು, ತೂಕದವರು ಎಣಿಕೆ ಹೇಳುವ ದನಿ, ದರ ಕಡಿಮೆಯಾಯಿತೆಂದು ರೈತರು ತೆಗೆಯುವ ಜಗಳ ಇವೆಲ್ಲದರ ಮಧ್ಯೆ ಕುಳಿತು ಇದನ್ನು ಹೇಳಿಕೊಂಡಾಗ ವಚನದ ಕಟ್ಟೋಣವೇ ಬೇರೆಯಾಗಿ ಕಂಡಿತು. ಮೂರು ಮನೆಗಳನ್ನೂ ಕಟ್ಟಿದವರು ನಾವೇ. ಬೆಟ್ಟವನ್ನೋ ಸಂತೆಯನ್ನೋ ಆರಿಸಿಕೊಂಡವರು ನಾವೇ ಆದ್ದರಿಂದ ದೂರುವ ಹಕ್ಕು ನಮಗಿಲ್ಲ. ಆದರೆ ವಚನದ ಕೊನೆಯಲ್ಲಿ ಬರುವ ‘ಲೋಕದೊಳಗೆ ಹುಟ್ಟಿದ ಬಳಿಕ’ ಎಂಬ ಮಾತಿನಲ್ಲಿ ಆರಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಯಾರೂ ಲೋಕವನ್ನು ನೋಡಿ, ಒಪ್ಪಿ ಹುಟ್ಟಿದವರಲ್ಲ. ಹಾಗಿದ್ದೂ ಅಕ್ಕ ಅದೇ ನಿಯಮವನ್ನು ಅಲ್ಲಿಗೂ ವಿಸ್ತರಿಸುತ್ತಾಳೆ. ಇದು ನ್ಯಾಯವೇ ಎಂದು ನಾನು ಅವಳೊಡನೆ ಬಹಳ ಕಾಲ ಮನಸ್ಸಿನಲ್ಲೇ ವಾದ ಮಾಡಿದ್ದೇನೆ. ಈಗಲೂ ಪೂರ್ತಿ ಒಪ್ಪಿದ್ದೇನೆಂದು ಹೇಳಲಾರೆ.

ಇದೇ ವಚನದಲ್ಲಿ ಇನ್ನೊಂದು ತೊಡಕೂ ಇದೆ. ಸ್ತುತಿನಿಂದೆಗಳು ಬಂದಾಗ ಕೋಪವನ್ನು ತಾಳದೆ ಸಮಾಧಾನಿಯಾಗಿರಬೇಕು ಎನ್ನುತ್ತಾಳೆ ಅಕ್ಕ. ನಿಂದೆ ಬಂದರೆ ಕೋಪ ಬರುವುದು ಸಹಜ, ಸ್ತುತಿಗೆ ಯಾರಾದರೂ ಏಕೆ ಕೋಪಗೊಳ್ಳುತ್ತಾರೆ? ಇದಕ್ಕೆ ವ್ಯಾಖ್ಯಾನ ಸಿಕ್ಕಿದ್ದು ಪುಸ್ತಕದಲ್ಲಲ್ಲ. ನಾಲ್ಕು ಜನರ ಎದುರು ‘ನಮ್ಮ ಲೆಕ್ಕದವರಂಥವರು ಇಡೀ ಮಂಡಿಯಲ್ಲಿ ಇಲ್ಲ’ ಎಂದು ಹೊಗಳಿದ ಸಾಹುಕಾರರು, ಹೊಗಳಿಕೆಯ ಬಿಸಿ ಆರುವ ಮೊದಲೇ ಭಾನುವಾರವೂ ಬಂದು ವರ್ಷದ ಲೆಕ್ಕ ಮುಗಿಸಿಬಿಡಿ ಎಂದಾಗ ಸ್ತುತಿಯೂ ಕೋಪ ತರಿಸಬಲ್ಲದೆಂಬುದು ಸ್ಪಷ್ಟವಾಯಿತು. ಅಕ್ಕನ ಮನಸ್ಸಿನಲ್ಲಿ ಇದ್ದದ್ದು ಇದಕ್ಕಿಂತ ಬಹಳ ಎತ್ತರದ್ದೇ ಇರಬೇಕು. ಆದರೆ ಹನ್ನೆರಡನೆಯ ಶತಮಾನದ ಮಾತೊಂದು ಮಂಡಿಯ ಗದ್ದಿಗೆಯವರೆಗೆ ನಡೆದು ಬಂದು ನಿಲ್ಲುತ್ತದೆಯಲ್ಲ, ನಾನು ಕವಿತೆಯಿಂದ ಬಯಸುವುದು ಅದನ್ನೇ.

ಇನ್ನು, ಕನ್ನಡದ ಓದುಗರಿಗೇ ವಿಶೇಷವಾದ ಒಂದು ತೊಂದರೆಯ ಬಗ್ಗೆ ಹೇಳಬೇಕು. ನಮಗೆ ಗೊತ್ತಿರುವ ಅರ್ಧದಷ್ಟು ಕವಿತೆಗಳು ರಾಗದ ಮೂಲಕ ಬಂದವು. ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಬಂದ ಮೇಲೆ ಭಾವಗೀತೆಗಳು ಕ್ಯಾಸೆಟ್ಟುಗಳಲ್ಲಿ ಮನೆಮನೆಗೂ ತಲುಪಿದವು. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರಂಥವರಿಗೆ ನಾವು ಋಣಿಗಳು. ಆದರೆ ರಾಗ ಓದುಗನನ್ನು ನಿಲ್ಲಗೊಡುವುದಿಲ್ಲ. ಕೆ.ಎಸ್. ನರಸಿಂಹಸ್ವಾಮಿಯವರ 1942ರ ‘ಮೈಸೂರು ಮಲ್ಲಿಗೆ’ಯಲ್ಲಿರುವ ‘ರಾಯರು ಬಂದರು ಮಾವನ ಮನೆಗೆ’ ಕವಿತೆಯನ್ನು ಗುನುಗದ ಕನ್ನಡಿಗರು ಕಡಿಮೆ. ಒಂದು ಸಂಜೆ ರಾಗವನ್ನು ಬದಿಗಿಟ್ಟು, ಬರಿಯ ಮಾತಿನಂತೆ ಅದನ್ನು ಗಟ್ಟಿಯಾಗಿ ಓದುತ್ತಿದ್ದೆ. ಮಾವನ ಮನೆಯಲ್ಲಿ ರಾಯರಿಗೆ ಉಪಚಾರವೆಲ್ಲ ನಡೆಯುತ್ತಿದೆ, ಆದರೆ ‘ಪದುಮಳು ಒಳಗಿಲ್ಲ’ ಎಂಬ ಮಾತು ಮತ್ತೆ ಮತ್ತೆ ಬರುತ್ತಿದೆ. ಅವಳು ಎಲ್ಲಿಗೆ ಹೋಗಿರಬಹುದು ಎಂದು ನಾನು ಗಟ್ಟಿಯಾಗಿಯೇ ಅನುಮಾನಪಟ್ಟಾಗ ಅಡುಗೆಮನೆಯಿಂದ ನನ್ನ ಹೆಂಡತಿ ನಕ್ಕು, ‘ಆಕೆ ಹೊರಗಾಗಿದಾಳ್ರೀ, ಅಷ್ಟೂ ತಿಳಿಯಲ್ಲೇನ್ರೀ ನಿಮಗೆ?’ ಎಂದಳು.

ಪದುಮ ಮುಟ್ಟಾಗಿದ್ದಾಳೆ ಎಂಬ ಆ ಒಂದು ಮಾತಿನಿಂದ ಕವಿತೆಯ ಕೊನೆಯ ಭಾಗ ಪೂರ್ತಿ ಬೆಳಗಿತು. ಬೆಳಗಾದ ಮೇಲೆ ರಾಯರು ಮುನಿಸಿನಿಂದ ಹೊರಟು ನಿಂತಾಗ, ನಾದಿನಿ ಬಂದು ಒಳಮನೆಯಲ್ಲಿ ನೀರಾಯಿತು ಎನ್ನುತ್ತಾಳೆ. ಯಾರಿಗೆ ಎಂದು ರಾಯರು ಕೇಳಿದರೆ ಅವಳದು ನಗುವೇ ಉತ್ತರ. ಆಮೇಲೆ ಪದುಮ ಹೂ ಮುಡಿಯುತ್ತ ರಾಯರ ಕೋಣೆಗೆ ಬರುತ್ತಾಳೆ. ಮನೆಯವರೆಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಬಿಟ್ಟು ಹೇಳದ ಸಂಗತಿಯೊಂದರ ಸುತ್ತ ಕವಿ ಇಡೀ ರಾತ್ರಿಯನ್ನು ಹೆಣೆದಿದ್ದಾರೆ. ಹಾಡು ಕೇಳುವಾಗ ಇದು ನಮ್ಮನ್ನು ದಾಟಿ ಹೋಗುತ್ತದೆ. ಆದ್ದರಿಂದ ಮೆಚ್ಚಿನ ಭಾವಗೀತೆಯೊಂದನ್ನು ಒಮ್ಮೆಯಾದರೂ ರಾಗ ಕಳಚಿ ಓದಿ, ಅದೂ ಮನೆಯವರ ಕಿವಿಗೆ ಬೀಳುವಂತೆ ಓದಿ. ಮೌನವಾಗಿ ಓದಿದ್ದರೆ ನನಗೆ ಈ ವ್ಯಾಖ್ಯಾನ ಸಿಗುತ್ತಿರಲಿಲ್ಲ.

ಬಿಡಿ ಸಾಲುಗಳನ್ನು ಕಿತ್ತುಕೊಂಡು ಬಳಸುವ ರೂಢಿಯ ಬಗ್ಗೆ ನನಗೆ ಸ್ವಲ್ಪ ಅಸಮಾಧಾನವಿದೆ. ‘ಇರುವುದೆಲ್ಲವ ಬಿಟ್ಟು ಇರದುದರೆಡೆಗೆ ತುಡಿವುದೆ ಜೀವನ’ ಎಂಬ ಗೋಪಾಲಕೃಷ್ಣ ಅಡಿಗರ ಸಾಲನ್ನು ಬೀಳ್ಕೊಡುಗೆಯ ಭಾಷಣಗಳಲ್ಲಿಯೂ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳಲ್ಲಿಯೂ ಸಿದ್ಧಾಂತದಂತೆ ಹೇಳುವುದನ್ನು ಕೇಳಿದ್ದೇವೆ. ಆದರೆ ‘ಯಾವ ಮೋಹನ ಮುರಳಿ ಕರೆಯಿತು’ ಎಂದು ಆರಂಭವಾಗುವ ಆ ಕವಿತೆ ಪ್ರಶ್ನೆಯಿಂದ ಪ್ರಶ್ನೆಗೆ ಸಾಗುತ್ತದೆ, ಈ ಸಾಲನ್ನೂ ಪ್ರಶ್ನೆಯಾಗಿಯೇ ಓದಿ ನೋಡಿ. ಆಗ ಅದು ಹೊರಟವನಿಗೆ ಹರಸುವ ಮಾತಾಗಿ ಉಳಿಯುವುದಿಲ್ಲ. ಹೊರಟವನನ್ನು ತಡೆದು ನಿಲ್ಲಿಸಿ ಕೇಳುವ ಮಾತಾಗುತ್ತದೆ. ಬಿಡಿ ಸಾಲನ್ನು ನಂಬುವುದೆಂದರೆ ಚೀಲದ ಬಾಯಿಂದ ತೆಗೆದ ಹಿಡಿ ಕಾಳು ನೋಡಿ ಇಡೀ ಲಾಟಿಗೆ ದರ ಕಟ್ಟಿದಂತೆ. ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ಕ್ಕೂ ಇದೇ ಗತಿಯಾಗಿದೆ. 1943ರಲ್ಲಿ ಬಂದ ಆ ಕೃತಿಯಲ್ಲಿ 945 ಪದ್ಯಗಳಿದ್ದರೂ ಬೆಳಗಿನ ಶುಭಾಶಯದ ಜೊತೆಗೆ ಬರುವುದು ಸಮಾಧಾನ ಹೇಳುವ ಹತ್ತಿಪ್ಪತ್ತು ಪದ್ಯಗಳು ಮಾತ್ರ. ದೇವರೆಂಬುದು ಕಗ್ಗತ್ತಲೆಯ ಗವಿಯೋ, ನಾವು ಅರಿಯಲಾರದ ಎಲ್ಲದಕ್ಕೂ ಒಟ್ಟಾಗಿ ಇಟ್ಟ ಹೆಸರೋ ಎಂದು ಆರಂಭದಲ್ಲೇ ಕೇಳುವ ಪದ್ಯವನ್ನು ಗುಲಾಬಿ ಹೂವಿನ ಚಿತ್ರದ ಮೇಲೆ ಅಚ್ಚು ಹಾಕಿ ಕಳಿಸಿದವರನ್ನು ನಾನಿನ್ನೂ ಕಂಡಿಲ್ಲ. ಕಗ್ಗವನ್ನು ಓದುವುದಾದರೆ ಮೊದಲ ಪುಟದಿಂದ, ಅದರ ಸಂಶಯಗಳ ಸಮೇತ ಓದಬೇಕು.

ದುಡಿಮೆಯ ಬದುಕಿಗೆ ಕವಿತೆ ಹೊರಗಿನದು ಎಂಬ ಭಾವನೆಯೇ ನಮ್ಮ ಸೀಮೆಯ ಮಟ್ಟಿಗೆ ಹೊಸದು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಅವರ ನೆನಪಿನಲ್ಲಿ ಸಾವಿರಾರು ಪದಗಳಿದ್ದವು, ಜನಪದ ವಿದ್ವಾಂಸರು ಅವರ ಬಳಿಗೇ ಬಂದು ಬರೆದುಕೊಂಡು ಹೋದರು. ಬೀಸುವಾಗ ಬೀಸುವ ಪದ, ನಾಟಿಯಲ್ಲಿ ನಾಟಿಯ ಪದ, ಮದುವೆಯಲ್ಲಿ ಸೋಬಾನೆ. ‘ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಲಿ’ ಎಂಬ ತ್ರಿಪದಿ ಎಳ್ಳು ಜೀರಿಗೆ ಬೆಳೆಯುವ ಭೂಮಿತಾಯಿಯನ್ನು ‘ಎದ್ದೊಂದು ಗಳಿಗೆ’ ನೆನೆಯುತ್ತೇನೆ ಎನ್ನುತ್ತದೆ. ಆ ಹೆಣ್ಣುಮಗಳಿಗೆ ನಾಲ್ಕು ದಿಕ್ಕಿನ ಕೆಲಸ ಕಾದಿದೆ, ಆದ್ದರಿಂದ ಅವಳು ದೇವರಿಗೂ ಭೂಮಿಗೂ ಒಂದು ಗಳಿಗೆಗಿಂತ ಹೆಚ್ಚು ಕೊಡುವುದಾಗಿ ಸುಳ್ಳು ಹೇಳುವುದಿಲ್ಲ. ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿದಾಗ ಅದರ ಪದಗಳಿಗೂ ನೆಲೆ ತಪ್ಪಿತು. ಈಗ ನಮ್ಮ ಕೆಲಸಕ್ಕೆ ತಕ್ಕ ಪದಗಳನ್ನು ನಾವೇ ಹುಡುಕಿಕೊಳ್ಳಬೇಕಾಗಿದೆ.

ಅರ್ಥದ ವಿಷಯಕ್ಕೆ ಬಂದರೆ, ಅರ್ಥವಾದ ಮೇಲೆಯೇ ಮುಂದೆ ಹೋಗಬೇಕೆಂಬ ಹಟ ಬೇಡ. ಬೇಂದ್ರೆಯವರ ‘ಬೆಳಗು’ ಕವಿತೆಯ ‘ಇದು ಬರಿ ಬೆಳಗಲ್ಲೊ ಅಣ್ಣಾ’ ಎಂಬ ಮಾತು ನನಗೆ ಬಾಯಿಪಾಠವಾಗಿ ಎಷ್ಟೋ ಕಾಲವಾಯಿತು. ಬರಿಯ ಬೆಳಗಲ್ಲದಿದ್ದರೆ ಮತ್ತೇನು ಎಂಬುದಕ್ಕೆ ಕವಿತೆಯಲ್ಲೇ ಶಾಂತಿರಸದ ಮಾತು ಇದೆ. ಆದರೆ ಆ ಉತ್ತರ ನನ್ನ ಅನುಭವಕ್ಕೆ ಬಂದಿದೆಯೆಂದು ಹೇಳುವ ಧೈರ್ಯ ನನಗಿಲ್ಲ. ಅದರ ನಾದ ಮಾತ್ರ ಮೊದಲ ದಿನದಿಂದಲೂ ನನ್ನದೇ ಆಗಿದೆ. ಗೈಡುಗಳು ಕೊಡುವ ಸಾರಾಂಶವನ್ನು ಮೊದಲೇ ಓದಿದರೆ ಕವಿತೆಯನ್ನು ಅಲ್ಲಿಗೆ ಮುಗಿಸಿಬಿಡುವ ಅಪಾಯವಿದೆ. ಕಷ್ಟದ ಶಬ್ದಕ್ಕೆ ನಿಘಂಟು ನೋಡಿ, ನಿಮ್ಮದೇ ಒಂದು ಅಭಿಪ್ರಾಯ ಮೂಡಿದ ಮೇಲೆ ಒಳ್ಳೆಯ ವಿಮರ್ಶಕರೊಬ್ಬರನ್ನು ಓದಿ, ಬೇಕಿದ್ದರೆ ಅವರೊಡನೆ ಜಗಳವಾಡಿ. ಹಾಗೆಯೇ ಎಲ್ಲ ಕವಿತೆಗಳನ್ನೂ ದಿನಬಳಕೆಗೆ ತರಬಾರದು. ಮಗುವಿನ ಸಾವಿನ ನೋವಿನಿಂದ ಹುಟ್ಟಿದ ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಕವಿತೆಯನ್ನು ನಾನು ನಕಲು ಮಾಡಿಕೊಂಡಿಲ್ಲ, ಬಾಯಿಪಾಠ ಮಾಡುವ ಪ್ರಯತ್ನವನ್ನೂ ಮಾಡಿಲ್ಲ.

ಪುಸ್ತಕಗಳ ಬಗ್ಗೆ ತಾವು ಕೇಳಿಲ್ಲವಾದರೂ ಎರಡು ಮಾತು. ಎಂ.ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿದ್ದ 15 ಸಂಪುಟಗಳ ಸಮಗ್ರ ವಚನ ಸಂಪುಟವನ್ನು ಸರ್ಕಾರವೇ ಪ್ರಕಟಿಸಿದೆ. ಜಿಲ್ಲಾ ಗ್ರಂಥಾಲಯಗಳಲ್ಲಿ ವಿಚಾರಿಸಿ ನೋಡಬಹುದು. ನಮ್ಮ ನೆರೆಯ ಸಿರಿಗೆರೆಯ ತರಳಬಾಳು ಬೃಹನ್ಮಠದವರು ಶರಣರ ವಚನಗಳನ್ನು ಮೊಬೈಲಿನಲ್ಲೇ ಹುಡುಕಿ ಓದುವ ಅನುಕೂಲ ಮಾಡಿದ್ದಾರೆ. ಒಂದು ಪದ ನೆನಪಿದ್ದರೂ ವಚನ ಸಿಗುತ್ತದೆ. ವಚನ, ತ್ರಿಪದಿ, ಹೊಸಗನ್ನಡದ ಭಾವಗೀತೆಗಳಿಂದ ತಾವು ನೇರವಾಗಿ ಆರಂಭಿಸಬಹುದು. ಕುಮಾರವ್ಯಾಸನನ್ನು ಮಾತ್ರ ಒಬ್ಬರೇ ಕುಳಿತು ಅಚ್ಚಿನಲ್ಲಿ ಓದಲು ತೊಡಗಬೇಡಿ. ಭಾಮಿನಿ ಷಟ್ಪದಿಯಲ್ಲಿ ಪದಗಳು ಒಂದರೊಳಗೊಂದು ಸೇರಿಕೊಂಡಿರುವುದರಿಂದ ಕಣ್ಣು ಎಡವುತ್ತದೆ. ಮೊದಲು ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕಿಗಳಿಂದ ಕೇಳಿ, ಆಮೇಲೆ ಪುಸ್ತಕ ತೆರೆಯಿರಿ. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿಯವರ ಊರು ಹೊಸಹಳ್ಳಿ ಶಿವಮೊಗ್ಗದ ಪಕ್ಕದಲ್ಲೇ ಇದೆ. ಆ ಭಾಗದಲ್ಲಿ ಗಮಕ ವಾಚನವಿದೆಯೆಂದು ತಿಳಿದರೆ ದಾವಣಗೆರೆಯಿಂದ ಬಸ್ಸು ಹತ್ತಿ ಹೋಗಿ ಕೇಳಿಬರುವುದು ಕಷ್ಟವೇನಲ್ಲ.