ಇಂಗ್ಲೆಂಡಿನ ಲಡ್ಲೋ ಸುತ್ತಲಿನ ಹೊಲಗಳಲ್ಲಿ ತಂದೆ-ತಾಯಿಯೊಂದಿಗೆ ನಡೆಯಲು ಗೈಡ್ ಬೇಕೇ, ಮೊಬೈಲ್ ಸಾಕೇ?

ನಾನು ಹೆರೆಫರ್ಡ್‌ನಲ್ಲಿ ಕೆಲಸಕ್ಕಿದ್ದ ಕಾಲದಲ್ಲಿ ನನ್ನ ತಾಯಿ ತೀರ್ಥಹಳ್ಳಿಯಿಂದ ಬಂದು ಕೆಲವು ತಿಂಗಳು ನನ್ನೊಂದಿಗಿದ್ದರು. ಯಾರದೋ ಹೊಲದೊಳಗೆ ಕಾಲಿಟ್ಟರೆ ಬೈಯುವುದಿಲ್ಲವೇ, ದಾರಿ ತೋರಿಸಲು ಗೈಡ್ ಬೇಡವೇ, ಮೊಬೈಲ್ ಸಾಕೇ ಎಂದು ನೀವು ನಿಮ್ಮ ಪತ್ರದಲ್ಲಿ ಅಂಜಿಕೊಂಡು ಕೇಳಿರುವಂತೆಯೇ ಆಗ ನಾನೂ ಅಂಜಿದ್ದೆ. ತೋಟ, ಗದ್ದೆ, ಗುಡ್ಡ ಎಂದು ದಿನವಿಡೀ ಓಡಾಡಿ ಬೆಳೆದ ಅಮ್ಮನಿಗೆ ಬಾಡಿಗೆ ಮನೆಯ ಕೋಣೆಗಳಲ್ಲಿ ಉಸಿರು ಕಟ್ಟುತ್ತಿತ್ತು. ಲಡ್ಲೋ ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗಿನ ದಾರಿ. ಕೋಟೆಯ ಎದುರಿನ ಚೌಕದಲ್ಲಿ ಸೋಮವಾರ, ಬುಧವಾರ, ಶುಕ್ರವಾರ, ಶನಿವಾರಗಳಂದು ಸಂತೆ ಸೇರುತ್ತದೆ. ಸಂತೆಯನ್ನು ನೋಡಿ, ಅಲ್ಲಿಂದ ಕಾರ್ವ್ ನದಿಯ ಬಯಲಿನ ಹೊಲಗಳ ನಡುವೆ ಉತ್ತರಕ್ಕೆ ಸ್ಟಾಂಟನ್ ಲೇಸಿ ಎಂಬ ಹಳ್ಳಿಯವರೆಗೆ ನಡೆದು ಬರೋಣ ಎಂದು ನಿರ್ಧರಿಸಿದೆವು. ಅಕ್ಟೋಬರ್ ಕೊನೆಯಲ್ಲಿ ಚಳಿಗಾಲಕ್ಕೆಂದು ಆ ದೇಶದವರೆಲ್ಲ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲಿನ ದಿನಗಳು ಅವು. ಐದಕ್ಕೆ ಮೊದಲೇ ಹೊತ್ತು ಮುಳುಗುತ್ತಿತ್ತು.

ಗೈಡ್ ಬೇಡವೆಂದು ನಿರ್ಧರಿಸಿದ್ದು ಸರಿಯಾಗಿಯೇ ಇತ್ತು. ತಪ್ಪಿದ್ದು ನಕ್ಷೆಯಲ್ಲಿ. ಆ ಒಂದು ತಪ್ಪನ್ನು ಇಲ್ಲಿ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಅಂಗಡಿಯಲ್ಲಿ ನಿಂತಾಗ ನೀವೂ ಅದನ್ನೇ ಮಾಡುವ ಸಂಭವ ಬಹಳವಿದೆ.

ಬ್ರಿಟನ್ನಿನ ಸರಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೇ ನಡೆಯುವವರಿಗೆ ಉಪಯೋಗವಾಗುವ ಎರಡು ಬಗೆಯ ನಕ್ಷೆಗಳನ್ನು ಪ್ರಕಟಿಸುತ್ತದೆ. ಗುಲಾಬಿ ಹೊದಿಕೆಯ ಲ್ಯಾಂಡ್‌ರೇಂಜರ್‌ನಲ್ಲಿ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್, ಕಿತ್ತಳೆ ಹೊದಿಕೆಯ ಎಕ್ಸ್‌ಪ್ಲೋರರ್‌ನಲ್ಲಿ ನಾಲ್ಕು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಅಂಗಡಿಯಲ್ಲಿ ಎರಡನ್ನೂ ಕೈಯಲ್ಲಿ ಹಿಡಿದು ನೋಡಿದ ನಾನು 137ನೆಯ ಸಂಖ್ಯೆಯ ಲ್ಯಾಂಡ್‌ರೇಂಜರನ್ನು ಕೊಂಡೆ. ಒಂದೇ ಹಾಳೆಯಲ್ಲಿ ನಲವತ್ತು ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ಪ್ರದೇಶ ಸಿಗುತ್ತದೆ, ಲಡ್ಲೋದಿಂದ ಚರ್ಚ್ ಸ್ಟ್ರೆಟನ್‌ವರೆಗಿನ ಗುಡ್ಡಗಳೆಲ್ಲ ಅದರಲ್ಲಿವೆ, ಸಾರ್ವಜನಿಕ ಕಾಲುದಾರಿಗಳನ್ನೂ ಅದರಲ್ಲಿ ಗುರುತಿಸಿದ್ದಾರೆ, ಇನ್ನೇನು ಬೇಕು ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಆದರೆ ಆ ನಕ್ಷೆಯಲ್ಲಿ ಹೊಲಗಳ ಬೇಲಿಗಳಿರುವುದಿಲ್ಲ. ಹಳ್ಳಿ, ರಸ್ತೆ, ಕಾಡು, ಹೊಳೆ ಇವೆಲ್ಲ ಇರುತ್ತವೆ. ಅವುಗಳ ನಡುವಿನ ಸಾಗುವಳಿ ಭೂಮಿ ಮಾತ್ರ ಬರಿಯ ಬಿಳಿ ಬಯಲು, ಅದರ ಮೇಲೆ ಕಾಲುದಾರಿಯ ತುಂಡು ತುಂಡು ಗೆರೆ.

ಇಂಗ್ಲೆಂಡಿನ ಹೊಲವನ್ನು ಕಂಡಿಲ್ಲದವರಿಗೆ ಇದೇನು ಮಹಾ ಎನಿಸಬಹುದು. ಅಲ್ಲಿನ ಬೇಲಿ ಎಂದರೆ ನಾಲ್ಕು ಗೂಟ, ಎರಡು ತಂತಿಗಳಲ್ಲ. ತಲೆಮಾರುಗಳಿಂದ ಕತ್ತರಿಸಿ, ಹೆಣೆದು ಬೆಳೆಸಿದ ಮುಳ್ಳುಗಿಡಗಳ ಗೋಡೆ. ಆಳೆತ್ತರದ ಅದರೊಳಗೆ ಬೆಕ್ಕೂ ನುಸುಳಲಾರದು. ಆದ್ದರಿಂದ ‘ದಾರಿ ಬೇಲಿಯ ಪಕ್ಕದಲ್ಲಿದೆ’ ಎಂಬ ತಿಳಿವಳಿಕೆ ಸಾಲದು, ಬೇಲಿಯ ಯಾವ ಪಕ್ಕದಲ್ಲಿದೆ ಎಂಬುದು ಗೊತ್ತಿರಬೇಕು. ಎಷ್ಟೋ ಕಡೆ ದಾರಿಯು ಅರ್ಧ ಹೊಲದವರೆಗೆ ಎಡಬದಿಯಲ್ಲಿ ಸಾಗಿ, ನಮ್ಮ ಮಲೆನಾಡಿನ ತಡಮೆಯನ್ನು ಹೋಲುವ ಸ್ಟೈಲ್ ಎಂಬ ಮರದ ಮೆಟ್ಟಿಲನ್ನು ದಾಟಿ, ಉಳಿದರ್ಧವನ್ನು ಬಲಬದಿಯಲ್ಲಿ ಕ್ರಮಿಸುತ್ತದೆ. ಎಕ್ಸ್‌ಪ್ಲೋರರ್ ನಕ್ಷೆಯಲ್ಲಿ ಬೇಲಿಯ ಸಣ್ಣ ಕಪ್ಪು ಗೆರೆಯನ್ನು ಕಾಲುದಾರಿಯ ಹಸಿರು ಗೆರೆ ಎಲ್ಲಿ ದಾಟುತ್ತದೆ ಎಂಬುದು ಕಾಣುತ್ತದೆ. ನನ್ನ ನಕ್ಷೆಯಲ್ಲಿ ಕಾಣುವಂತಿರಲಿಲ್ಲ. ಅಮ್ಮ ಮತ್ತು ನಾನು ತಿರುಗಬೇಕಾಗಿದ್ದ ಸ್ಟೈಲ್ ಮುಳ್ಳುಬಳ್ಳಿಯ ಮರೆಯಲ್ಲಿತ್ತು. ಅದನ್ನು ಗಮನಿಸದೆ ಎಡಬದಿಯಲ್ಲೇ ಮುಂದುವರಿದು ಹೊಲದ ತುದಿಯನ್ನು ತಲುಪಿದಾಗ ಎದುರಿಗೆ ನೀರು ತುಂಬಿದ ಅಗಳು, ಅದರಾಚೆ ಮುಳ್ಳುತಂತಿ, ಮೂಲೆಯಲ್ಲಿ ಸರಪಳಿ ಹಾಕಿ ಬೀಗ ಜಡಿದ ಕಬ್ಬಿಣದ ಗೇಟು. ಗೇಟಿನಾಚೆ ರಸ್ತೆ ಕಾಣುತ್ತಿತ್ತು. ಬೆಳಕು ಇಳಿಯುತ್ತಿತ್ತು.

ಬಂದ ದಾರಿಯಲ್ಲೇ ಹಿಂದಿರುಗುವ ಬದಲು ಗೇಟು ಹತ್ತಿ ದಾಟೋಣ ಎಂದು ನಾನೇ ಹೇಳಿದೆ. ಹತ್ತಲೇಬೇಕಾದಲ್ಲಿ ಗೇಟಿನ ತಿರುಗಣೆ ಇರುವ ಬದಿಯಲ್ಲಿ, ಕಂಬಕ್ಕೆ ಒತ್ತಿಕೊಂಡು ಹತ್ತಬೇಕು, ಅಲ್ಲಿ ಅದು ಅಲುಗುವುದಿಲ್ಲ. ಅಮ್ಮ ಹತ್ತಿದ್ದು ಬೀಗದ ಬದಿಯಲ್ಲಿ. ಕೆಸರು ಮೆತ್ತಿದ್ದ ಪಾದ ಒದ್ದೆ ಕಬ್ಬಿಣದ ಮೇಲೆ ಜಾರಿತು, ಗೇಟು ವಾಲಿತು, ಆಚೆಗೆ ಇಳಿಯುವಾಗ ಅವರ ಪಾದ ಹೊರಳಿತು. ಕಾಲಗಂಟಿನ ಸ್ನಾಯು ಹರಿದಿತ್ತು. ಅವರ ವಾಸ್ತವ್ಯದ ಉಳಿದ ಭಾಗವೆಲ್ಲ ಸೋಫಾದ ಮೇಲೆ, ದಿಂಬಿನ ಮೇಲೆ ಕಾಲಿಟ್ಟುಕೊಂಡು ಕಳೆಯಿತು. ಊರಿಗೆ ಹೊರಟಾಗ ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯಲ್ಲಿ ಅವರನ್ನು ತಳ್ಳಿಕೊಂಡು ಹೋದೆ. ಹೊರಗೆ ನಡೆಯಬೇಕೆಂದು ಹಂಬಲಿಸಿ ಬಂದವರಿಗೆ ನಾನು ಕೊಟ್ಟದ್ದು ಅದು. ಹಿಂದಿರುಗಿ ಸ್ಟೈಲನ್ನು ಹುಡುಕಿದ್ದರೆ ಹೆಚ್ಚೆಂದರೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು.

ನಿಮ್ಮ ಅಂಜಿಕೆಗೆ ಉತ್ತರವೂ ಅದೇ ಸಂಜೆ ಸಿಕ್ಕಿತು. ಕುರಿಗಳನ್ನು ನೋಡಲು ಕ್ವಾಡ್ ಬೈಕಿನಲ್ಲಿ ಬಂದ ರೈತ ಮಹಿಳೆಯೊಬ್ಬರು ಅಮ್ಮನನ್ನು ಮುಖ್ಯ ರಸ್ತೆಯವರೆಗೆ ತಲುಪಿಸಿ, ಟ್ಯಾಕ್ಸಿಗೂ ಅವರೇ ಫೋನ್ ಮಾಡಿದರು. ಬೈಯಲಿಲ್ಲ. ನನ್ನ ಕೈಯಲ್ಲಿದ್ದ ನಕ್ಷೆಯನ್ನು ಬಿಡಿಸಿ ನೋಡಿ, ಇದರಲ್ಲಿ ನನ್ನ ಬೇಲಿಗಳೇ ಇಲ್ಲವಲ್ಲ, ಇದನ್ನು ಹಿಡಿದುಕೊಂಡು ಹೊಲಕ್ಕೆ ಏಕೆ ಬಂದಿರಿ ಎಂದಷ್ಟೇ ಕೇಳಿದರು. ವಾಸ್ತವದಲ್ಲಿ ಆ ಮೂಲೆಯಲ್ಲಿ ನಿಲ್ಲುವ ಹಕ್ಕು ನಮಗಿರಲಿಲ್ಲ. ಆದರೆ ಹಾಗೆ ದಾರಿ ತಪ್ಪಿ ಒಳಬರುವುದು ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಸಿವಿಲ್ ವಿಷಯ, ಅಪರಾಧವಲ್ಲ. ಕಾಲುದಾರಿಯ ಮೇಲೆಯೇ ಇದ್ದೀರೆಂದಾದರೆ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. 1949ರ ಕಾಯಿದೆಯ ಪ್ರಕಾರ ಕೌಂಟಿಗಳು ಸಾರ್ವಜನಿಕರಿಗೆ ನಡೆಯುವ ಹಕ್ಕಿರುವ ದಾರಿಗಳನ್ನು ಸಮೀಕ್ಷೆ ಮಾಡಿ ಅಧಿಕೃತ ನಕ್ಷೆಗಳಲ್ಲಿ ದಾಖಲಿಸಿದವು; ಭೂಮಿ ಯಾರದೇ ಇರಲಿ, ಆ ದಾರಿ ನಿಮ್ಮದೂ ಹೌದು. ಹೊಲದ ನಡುವೆ ಹಾಯುವ ದಾರಿಯನ್ನು ಬಿತ್ತನೆಗಾಗಿ ಉತ್ತರೂ, 1990ರ ಕಾಯಿದೆಯಂತೆ ಹದಿನಾಲ್ಕು ದಿನಗಳೊಳಗೆ ರೈತರು ಅದನ್ನು ಮತ್ತೆ ನಡೆಯುವಂತೆ ಮಾಡಿಕೊಡಬೇಕು. ಹಾಗಾಗಿ ಎಳೆಯ ಗೋಧಿಯ ನಡುವೆ ಸೀಳಿದ ದಾರಿ ಕಂಡರೆ ಸಂಕೋಚಪಟ್ಟು ಅಂಚಿನಲ್ಲಿ ಸುತ್ತಿ ಹೋಗಬೇಡಿ, ನೇರವಾಗಿ ಅದರಲ್ಲೇ ನಡೆಯಿರಿ. ಗೇಟುಗಳನ್ನು ಮಾತ್ರ ಹೇಗಿದ್ದವೋ ಹಾಗೆಯೇ ಬಿಡಬೇಕು, ತೆರೆದಿದ್ದರೆ ತೆರೆದೇ, ಮುಚ್ಚಿದ್ದರೆ ಮುಚ್ಚಿಯೇ.

ಆದ್ದರಿಂದ ಗೈಡೋ ಮೊಬೈಲೋ ಎಂದು ನೀವು ಮುಂದಿಟ್ಟಿರುವ ಆಯ್ಕೆಯನ್ನೇ ನಾನು ಒಪ್ಪುವುದಿಲ್ಲ. ಗೈಡ್ ಜೊತೆಗಿದ್ದರೆ ನಿಮ್ಮ ತಂದೆ-ತಾಯಿ ಗೈಡಿನ ನಡಿಗೆಯ ವೇಗಕ್ಕೆ ಹೊಂದಿಕೊಳ್ಳಬೇಕಾಗುತ್ತದೆ. ದಾರಿಬದಿಯ ಹೂವಿನ ಗಿಡದ ಮುಂದೆ, ದನಗಳ ಮುಂದೆ ಮನಸಾರೆ ನಿಲ್ಲಲಾಗುವುದಿಲ್ಲ. ಮೊಬೈಲಿನಲ್ಲಿ ಸಾಮಾನ್ಯವಾಗಿ ಬಳಸುವ ನಕ್ಷೆ ಕಾರು ಓಡಿಸುವವರನ್ನು ಉದ್ದೇಶಿಸಿದ್ದು. ಹೊಲದ ಕಾಲುದಾರಿಗಳ ವಿಷಯದಲ್ಲಿ ಅದನ್ನು ನಂಬಲಾಗದು. 203ನೆಯ ಸಂಖ್ಯೆಯ ಎಕ್ಸ್‌ಪ್ಲೋರರ್ ಕೊಳ್ಳಿರಿ, ಹೊರಡುವ ಹಿಂದಿನ ರಾತ್ರಿ ಮೇಜಿನ ಮೇಲೆ ಹರಡಿ ಪ್ರತಿಯೊಂದು ಬೇಲಿಯನ್ನು ಎಲ್ಲಿ ದಾಟಬೇಕೆಂದು ಬೆರಳಿಟ್ಟು ನೋಡಿಕೊಳ್ಳಿರಿ. ಹಸಿರು ತುಂಡುಗೆರೆ ಹಕ್ಕಿನ ದಾರಿ. ಕಪ್ಪು ತುಂಡುಗೆರೆ ನೆಲದ ಮೇಲೆ ದಾರಿಯಿದೆ ಎಂಬುದನ್ನಷ್ಟೇ ಹೇಳುತ್ತದೆ, ಅಲ್ಲಿ ಹಕ್ಕಿದೆ ಎಂದಲ್ಲ. ಕಂಬಗಳ ಮೇಲಿನ ಹಳದಿ ಬಾಣ ಕಾಲ್ನಡಿಗೆಯ ದಾರಿಯದು, ನೀಲಿ ಬಾಣದ ದಾರಿಯಲ್ಲಿ ಕುದುರೆ ಸವಾರರೂ ಸೈಕಲ್ಲಿನವರೂ ಎದುರಾಗುತ್ತಾರೆ.

ದನಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಕೊಟ್ಟಿಗೆಯಲ್ಲಿ ಹಸು ಕಟ್ಟಿ ಬೆಳೆದ ನಮ್ಮವರು ಹಸು ಕಂಡೊಡನೆ ಮೈ ಸವರಲು ಹತ್ತಿರ ಹೋಗುತ್ತಾರೆ, ನನ್ನ ಅಮ್ಮನೂ ಹೋದರು. ಬಯಲಿನಲ್ಲಿ ಕರುಗಳೊಂದಿಗೆ ಮೇಯುವ ಆ ಹಸುಗಳಿಗೆ ಅಪರಿಚಿತರ ಒಡನಾಟವಿರುವುದಿಲ್ಲ. ಹಸು ಮತ್ತು ಕರುವಿನ ನಡುವೆ ಹಾಯಬೇಡಿ, ದೂರದಿಂದ ಬಳಸಿಕೊಂಡು ಹೋಗಿರಿ.

ನವೆಂಬರ್ ನಡುವಿನಲ್ಲಿ, ಅದೂ ಮಧ್ಯಾಹ್ನದ ಊಟ ಮುಗಿಸಿ ಹೊರಡುವುದಾಗಿ ಬರೆದಿದ್ದೀರಿ. ಅದು ಬೇಡ. ಆ ಹೊತ್ತಿಗೆ ನಾಲ್ಕೂಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಗಂಟೆಗೆ ಐದು ಕಿಲೋಮೀಟರ್, ಪ್ರತಿ ಆರುನೂರು ಮೀಟರ್ ಏರಿಗೆ ಇನ್ನೊಂದು ಗಂಟೆ ಎಂದು ಸ್ಕಾಟ್‌ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕವನ್ನು ಅಲ್ಲಿನವರು ಇಂದಿಗೂ ಬಳಸುತ್ತಾರೆ. ಅದು ಗಟ್ಟಿಮುಟ್ಟಾದವರ ಲೆಕ್ಕ. ಕೆಸರಿನಲ್ಲಿ ಹಿರಿಯರೊಂದಿಗೆ ನಡೆಯುವಾಗ ದುಪ್ಪಟ್ಟು ಸಮಯ ಹಿಡಿಯಿರಿ.

ನೀವು ಬರೆದಂತೆ ನಿಮ್ಮ ತಂದೆಯವರಿಗೆ ಮಂಡಿ ನೋವಿರುವುದರಿಂದ ಮೊದಲ ದಿನ ಹೊಲಗಳ ಗೊಡವೆಯೇ ಬೇಡ. ಕೋಟೆಯ ಪಕ್ಕದಿಂದ ಇಳಿದು ಡಿನಮ್ ಸೇತುವೆಯಲ್ಲಿ ಟೀಮ್ ನದಿಯನ್ನು ದಾಟಿದರೆ, ಆಚೆ ದಡದಲ್ಲಿ ಲಡ್‌ಫರ್ಡ್ ಸೇತುವೆಯವರೆಗೆ ಬ್ರೆಡ್ ವಾಕ್ ಎಂಬ ದಾರಿ ಸಾಗುತ್ತದೆ. ಅದನ್ನು ಕಡಿದವರಿಗೆ ಕೂಲಿಯಾಗಿ ಬ್ರೆಡ್ಡನ್ನೇ ಕೊಟ್ಟರೆಂದು ಊರಿನವರು ಹೇಳುತ್ತಾರೆ. ಅದರ ಮೇಲ್ಭಾಗದಲ್ಲಿ ವಿಟ್‌ಕ್ಲಿಫ್ ಗುಡ್ಡವಿದೆ. ನೀವೊಬ್ಬರೇ ಅಲ್ಲಿಗೆ ಹತ್ತಿದರೆ ಕೋಟೆಯೂ ಸೇಂಟ್ ಲಾರೆನ್ಸ್ ಚರ್ಚಿನ ಗೋಪುರವೂ ಒಂದೇ ನೋಟಕ್ಕೆ ಸಿಗುತ್ತವೆ. 41 ಮೀಟರ್ ಎತ್ತರದ ಆ ಗೋಪುರವನ್ನು ಚೆನ್ನಾಗಿ ನೋಡಿಕೊಳ್ಳಿರಿ, ಮುಂದೆ ಹೊಲಗಳಲ್ಲಿ ನಡೆಯುವಾಗ ಊರು ಯಾವ ದಿಕ್ಕಿಗಿದೆ ಎಂದು ತಿಳಿಯಲು ಬಹುದೂರದವರೆಗೂ ಅದು ನೆರವಾಗುತ್ತದೆ. ಎರಡನೆಯ ದಿನ ಸ್ಟಾಂಟನ್ ಲೇಸಿಗೆ ಬೆಳಿಗ್ಗೆ ಹತ್ತಕ್ಕೆ ಹೊರಡಿರಿ, ನಡುವೆ ಬೀಗ ಹಾಕಿದ ಗೇಟು ಎದುರಾದರೆ ಹತ್ತದೆ ಹಿಂದಕ್ಕೆ ಬಂದು ಸ್ಟೈಲನ್ನು ಹುಡುಕಿರಿ.