ಇಂಗ್ಲಿಷ್‌ನಲ್ಲಿ ದೇಶದ ಪೂರ್ತಿ ಹೆಸರು ಹೇಳಬೇಕಾ, ಚಿಕ್ಕ ಹೆಸರು ಸಾಕಾ?

ದಿನನಿತ್ಯದ ಮಾತಿಗೆ, ಬರವಣಿಗೆಗೆ ಚಿಕ್ಕ ಹೆಸರೇ ಸರಿ. ನಾವು ದಾವಣಗೆರೆಯವರು ಬಸ್ಸಿನಲ್ಲಿ 'ದುರ್ಗಕ್ಕೆ ಒಂದು ಟಿಕೆಟ್ ಕೊಡಿ' ಅನ್ನುತ್ತೇವೆ, ಅರ್ಜಿಯಲ್ಲಿ ಮಾತ್ರ 'ಚಿತ್ರದುರ್ಗ' ಎಂದು ಬರೆಯುತ್ತೇವೆ ಅಲ್ವಾ? ಹಾಗೇ ಇದು. ನಮ್ಮ ಪಾಸ್‌ಪೋರ್ಟ್ ಮೇಲೆ 'ರಿಪಬ್ಲಿಕ್ ಆಫ್ ಇಂಡಿಯಾ' ಎಂದಿದೆ. ಆದರೆ ಊರು ಕೇಳಿದವರಿಗೆ 'ಐ ಆಮ್ ಫ್ರಮ್ ಇಂಡಿಯಾ' ಅಂದರೆ ಸಾಕು. ಪೂರ್ತಿ ಹೆಸರು ಒಪ್ಪಂದ, ಕಾನೂನು, ರಾಯಭಾರದ ಪತ್ರಗಳಿಗೆ.

ಚಿಕ್ಕ ಹೆಸರು ತಪ್ಪು ಎಂದು ಮಕ್ಕಳಿಗೆ ಸುಮ್ನೆ ಹೆದರಿಸಬೇಡಿ. ಮೆಕ್ಸಿಕೋದ ಪೂರ್ತಿ ಹೆಸರು 'ಯುನೈಟೆಡ್ ಮೆಕ್ಸಿಕನ್ ಸ್ಟೇಟ್ಸ್'. ಮಾತಿನಲ್ಲಿ ಹಾಗಂದರೆ ಕೇಳಿದವರಿಗೇ ಗೊಂದಲ. ಜಪಾನ್‌ಗಂತೂ ಇಂಗ್ಲಿಷ್‌ನಲ್ಲಿ ಎರಡಕ್ಕೂ ಅದೇ ಹೆಸರು.

ಎಚ್ಚರ ಬೇಕಾದ ಜಾಗಗಳೂ ಇವೆ. ಬರೀ 'ಕೊರಿಯಾ' ಅಂದರೆ ಯಾವುದು? ಮಾತಿನಲ್ಲಿ ನಾರ್ತ್, ಸೌತ್ ಸೇರಿಸುತ್ತಾರೆ, ಅವು ಅಧಿಕೃತ ಹೆಸರಲ್ಲಿ ಇಲ್ಲವೇ ಇಲ್ಲ. 'ಡೆಮಾಕ್ರಟಿಕ್ ಪೀಪಲ್ಸ್ ರಿಪಬ್ಲಿಕ್ ಆಫ್ ಕೊರಿಯಾ' ಉತ್ತರದ್ದು, 'ರಿಪಬ್ಲಿಕ್ ಆಫ್ ಕೊರಿಯಾ' ದಕ್ಷಿಣದ್ದು. ಕಾಂಗೋ ಕೂಡ ಎರಡಿವೆ, ಅಲ್ಲಿ ಪೂರ್ತಿ ಹೆಸರು ಹೇಳುವುದೇ ಒಳ್ಳೆಯದು. ಇಂಗ್ಲೆಂಡ್ ಎಂದರೆ ಇಡೀ ಯುಕೆ ಅಲ್ಲ. ಯುಕೆಯಲ್ಲಿ ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಕೂಡ ಇವೆ. ನಮ್ಮಲ್ಲಿ ಜಾಸ್ತಿ ಆಗುವ ತಪ್ಪು ಇದೇ.

'ದಿ' ವಿಷಯ ಇಷ್ಟೇ: ಹೆಸರಲ್ಲಿ ರಿಪಬ್ಲಿಕ್, ಕಿಂಗ್‌ಡಮ್, ಸ್ಟೇಟ್ಸ್ ಬಂದರೆ ಅದರ ಮೊದಲಿಗೆ 'ದಿ' ಬೇಕು. ಫ್ರಾನ್ಸ್, ಇಂಡಿಯಾಗಳಿಗೆ ಬೇಡ.

ಚಿಕ್ಕ ಹೆಸರನ್ನೂ ದೇಶಗಳು ತಾವೇ ಆರಿಸುತ್ತವೆ. ಚೆಕ್ ರಿಪಬ್ಲಿಕ್ 2016ರಲ್ಲಿ 'ಚೆಕಿಯಾ' ಎಂಬುದನ್ನು ವಿಶ್ವಸಂಸ್ಥೆಯಲ್ಲಿ ದಾಖಲಿಸಿತು. ಆದರೂ ತುಂಬಾ ಜನರ ಬಾಯಲ್ಲಿ ಇನ್ನೂ ಹಳೆಯದೇ ಇದೆ.