ಪಂಪ್‌ಹೌಸಿನ ಪಿಎಲ್‌ಸಿ, ಮನೆಯ ಮೊಬೈಲು: ಎರಡನ್ನೂ ಜೋಡಿಸುವ ಬಗೆ

ಪ್ರಶ್ನೆ: ತಿಪಟೂರು ಹತ್ತಿರ ನಮ್ಮ ತೆಂಗಿನ ತೋಟ ಇದೆ. ಬೋರ್‌ವೆಲ್ ಮೋಟಾರ್ ಮತ್ತು ತೊಟ್ಟಿಯನ್ನು ಡೆಲ್ಟಾ ಡಿವಿಪಿ-14ಎಸ್‌ಎಸ್2 ಪಿಎಲ್‌ಸಿ (ಬರೆದಿಟ್ಟ ಪ್ರೋಗ್ರಾಮಿನಂತೆ ಯಂತ್ರ ನಡೆಸುವ ಕಂಟ್ರೋಲರ್) ನೋಡಿಕೊಳ್ಳುತ್ತಿದೆ. ಮನೆಯ ಲೈಟು, ಫ್ಯಾನಿಗೆ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಹೋಂ ಅಸಿಸ್ಟೆಂಟ್ ಅನ್ನುವ ಮನೆ ಆಟೊಮೇಶನ್ ಸಾಫ್ಟ್‌ವೇರ್ ಹಾಕಿದ್ದೇನೆ. ಪಂಪ್‌ಹೌಸು ಮನೆಯಿಂದ 150 ಮೀಟರ್ ದೂರ. ಮೊಬೈಲಿನಿಂದಲೇ ಮೋಟಾರ್ ಹಾಕುವಂತೆ ಮಾಡಬೇಕು. ಪಿಎಲ್‌ಸಿ ತೆಗೆದು ವೈಫೈ ರಿಲೇ ಹಾಕಿ ಅಂತ ಗೆಳೆಯರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ದಯವಿಟ್ಟು ಪಿಎಲ್‌ಸಿ ತೆಗೆಯಬೇಡಿ. ನಿಮ್ಮ ತೋಟದಲ್ಲಿ ಅತಿ ನಂಬಿಕಸ್ತ ಕೆಲಸಗಾರ ಅದೇ. ಪೈ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆಗಬಹುದು. ಪದೇ ಪದೇ ಕರೆಂಟ್ ಹೋದರೆ ಎಸ್‌ಡಿ ಕಾರ್ಡ್ ಕೆಡಬಹುದು. ವೈಫೈ ಕೈಕೊಡಬಹುದು. ನೀರಿಲ್ಲದೆ ಮೋಟಾರ್ ಓಡುತ್ತಿರುವಾಗ ಇದರಲ್ಲಿ ಯಾವುದೊಂದು ಆದರೂ ಸುಟ್ಟುಹೋಗುವುದು ನಿಮ್ಮ ಮೋಟಾರು. ಹಾಗಾಗಿ ಡ್ರೈ ರನ್ (ನೀರಿಲ್ಲದೆ ಓಡುವುದು), ಸಿಂಗಲ್ ಫೇಸ್, ಓವರ್‌ಲೋಡ್, ತೊಟ್ಟಿ ತುಂಬಿದಾಗ ನಿಲ್ಲಿಸುವುದು, ಇಷ್ಟೂ ಈಗಿರುವಂತೆ ಪಿಎಲ್‌ಸಿ ಮತ್ತು ಸ್ಟಾರ್ಟರ್ ಹತ್ತಿರವೇ ಇರಲಿ. ಹೋಂ ಅಸಿಸ್ಟೆಂಟ್ ನೋಡಲಿ, ಕೇಳಲಿ. ಹಾಕುವುದೋ ಬಿಡುವುದೋ ಪಿಎಲ್‌ಸಿ ತೀರ್ಮಾನ ಮಾಡಲಿ.

ಜೋಡಿಸಲು ಬೇಕಾದ ಭಾಷೆ ಎರಡಕ್ಕೂ ಗೊತ್ತಿದೆ, ಅದು ಮಾಡ್‌ಬಸ್. 1979ರಲ್ಲಿ ಮೋಡಿಕಾನ್ ಕಂಪನಿ ಹೊರತಂದ ಪ್ರೋಟೋಕಾಲ್ ಇದು. ಹೋಂ ಅಸಿಸ್ಟೆಂಟ್‌ನಲ್ಲಿ ಇದಕ್ಕೆ ಬೇರೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಕಾನ್ಫಿಗರೇಶನ್ ಫೈಲಿನಲ್ಲಿ ಬರೆದರೆ ಸಾಕು.

ನಿಮ್ಮ ಪಿಎಲ್‌ಸಿಯಲ್ಲಿ ಕಾಮ್2 ಅನ್ನುವ ಆರ್‌ಎಸ್-485 ಪೋರ್ಟ್ ಇದೆ. ಅದು ಡಿಫಾಲ್ಟ್ ಆಗಿ 9600 ವೇಗ, 7 ಬಿಟ್, ಈವನ್ ಪ್ಯಾರಿಟಿ, ಆಸ್ಕಿ ಮೋಡ್‌ನಲ್ಲಿರುತ್ತದೆ. ನಮಗೆ ಬೇಕಿರುವುದು ಆರ್‌ಟಿಯು, ಅಂದರೆ ಮಾಡ್‌ಬಸ್‌ನ ಬೈನರಿ ರೂಪ, ಅದಕ್ಕೆ 8 ಬಿಟ್ ಬೇಕು. ಪಿಎಲ್‌ಸಿಯಲ್ಲಿ ಡಿ ಅಂದರೆ ಸಂಖ್ಯೆ ಇಡುವ ಜಾಗ, ಎಂ ಅಂದರೆ ಒಳಗಿನ ಆನ್-ಆಫ್ ಬಿಟ್, ವೈ ಅಂದರೆ ಔಟ್‌ಪುಟ್. ಪ್ರೋಗ್ರಾಮಿನ ಶುರುವಿನಲ್ಲಿ ಎಂ1002 ಪಲ್ಸ್‌ಗೆ ಡಿ1120ರಲ್ಲಿ ಎಚ್87 (ಹೆಕ್ಸ್ 87) ತುಂಬಿಸಿ, ಎಂ1120 ಮತ್ತು ಎಂ1143 ಎರಡನ್ನೂ ಸೆಟ್ ಮಾಡಿ. ಆಗ 9600 ವೇಗ, 8 ಬಿಟ್, ಈವನ್ ಪ್ಯಾರಿಟಿ, 1 ಸ್ಟಾಪ್ ಬಿಟ್ ಆಗುತ್ತದೆ. ಮುಂದೆ ಹೇಳುವ ಗೇಟ್‌ವೇಯಲ್ಲೂ ಇದೇ ನಾಲ್ಕು ಸೆಟ್ಟಿಂಗ್ ಕೊಡಿ.

ಇನ್ನು ವಿಳಾಸ. ಜಾಸ್ತಿ ಜನ ಎಡವುವುದು ಇಲ್ಲೇ. ಡೆಲ್ಟಾ ಡಿವಿಪಿಯಲ್ಲಿ ಡಿ0 ಇರುವುದು 4096ರಲ್ಲಿ, ಎಂ0 ಇರುವುದು 2048ರಲ್ಲಿ, ವೈ0 ಇರುವುದು 1280ರಲ್ಲಿ. ಹಾಗಾದರೆ ಎಂ100 ಅಂದರೆ 2148, ಡಿ100 ಅಂದರೆ 4196.

ಮೋಟಾರ್ ಹಾಕುವ ಔಟ್‌ಪುಟ್ ವೈ0 ಅಂದುಕೊಳ್ಳಿ. ವೈ0ಗೆ ಮೊಬೈಲಿನಿಂದ ನೇರವಾಗಿ ಬರೆಯಲು ಹೋಗಬೇಡಿ. ಲ್ಯಾಡರ್‌ನಲ್ಲಿ (ಪಿಎಲ್‌ಸಿ ಪ್ರೋಗ್ರಾಮಿನಲ್ಲಿ) ವೈ0 ಇದ್ದರೆ ಮುಂದಿನ ಸ್ಕ್ಯಾನಿನಲ್ಲೇ ಪಿಎಲ್‌ಸಿ ಅದನ್ನು ಅಳಿಸಿಬಿಡುತ್ತದೆ. ಇಲ್ಲದಿದ್ದರೆ ಇನ್ನೂ ಕೆಟ್ಟದ್ದು, ಯಾವ ರಕ್ಷಣೆಯೂ ಇಲ್ಲದೆ ಮೋಟಾರ್ ಓಡುತ್ತಲೇ ಇರುತ್ತದೆ. ಅದರ ಬದಲು ಎಂ100 ಅನ್ನು 'ಮೋಟಾರ್ ಹಾಕು' ಅನ್ನುವ ಕೋರಿಕೆ ಮಾಡಿಕೊಳ್ಳಿ. ಪಿಎಲ್‌ಸಿ ಅದನ್ನು ನೋಡಿದ ತಕ್ಷಣ ತಾನೇ ಎಂ100 ಆಫ್ ಮಾಡಲಿ. ಮೂರೂ ಫೇಸ್ ಇವೆಯಾ, ಬೋರ್‌ನಲ್ಲಿ ನೀರಿದೆಯಾ, ತೊಟ್ಟಿಯಲ್ಲಿ ಜಾಗ ಇದೆಯಾ ಅಂತ ನೋಡಿಕೊಂಡು ಆಮೇಲೆ ವೈ0 ಹಾಕಲಿ. 'ನಿಲ್ಲಿಸು' ಅನ್ನಲು ಎಂ101. ಮೊಬೈಲಿನಲ್ಲಿ ಮೋಟಾರ್ ಓಡುತ್ತಿದೆ ಅಂತ ತೋರಿಸುವುದು ವೈ0 ಓದಿದ ಮೇಲೆಯೇ. ಬಟನ್ ಒತ್ತಿದ ಮಾತ್ರಕ್ಕೆ ಹಸಿರು ದೀಪ ತೋರಿಸಬೇಡಿ. ಸ್ಟಾರ್ಟರಿನ ಸಹಾಯಕ ಕಾಂಟ್ಯಾಕ್ಟನ್ನು ಒಂದು ಇನ್‌ಪುಟ್‌ಗೆ ಎಳೆದು ಅದನ್ನೇ ಓದಿಸಿದರೆ ಇನ್ನೂ ಒಳ್ಳೆಯದು.

ಇನ್ನೊಂದು ಕೆಲಸ ಮರೆಯಬೇಡಿ. ಹೋಂ ಅಸಿಸ್ಟೆಂಟ್ 10 ಸೆಕೆಂಡಿಗೊಮ್ಮೆ ಡಿ100ಕ್ಕೆ ಬದಲಾಗುವ ಒಂದು ಸಂಖ್ಯೆ ಬರೆಯಲಿ. ಒಂದು ನಿಮಿಷ ಆ ಸಂಖ್ಯೆ ಬದಲಾಗದಿದ್ದರೆ ಮನೆಯ ಕಡೆಯದು ಸತ್ತಿದೆ ಅಂತ ಪಿಎಲ್‌ಸಿ ತಿಳಿದು, ತನ್ನ ಹಳೆಯ ಟೈಮರ್ ಲೆಕ್ಕಕ್ಕೆ ಮರಳಲಿ.

150 ಮೀಟರ್ ತಂತಿಯ ವಿಷಯ. ಲೆಕ್ಕದ ಪ್ರಕಾರ ಆರ್‌ಎಸ್-485 ಕಡಿಮೆ ವೇಗದಲ್ಲಿ 1200 ಮೀಟರ್ ತನಕ ಹೋಗುತ್ತದೆ. ಆದರೆ ಮುಂಗಾರಿಗೆ ಮುಂಚಿನ ಸಿಡಿಲು ನಿಮಗೂ ಗೊತ್ತಲ್ವಾ? ತೋಟದಲ್ಲಿ ಎಳೆದ ಉದ್ದ ತಾಮ್ರದ ತಂತಿ ಎರಡೂ ತುದಿಯ ಪೋರ್ಟ್ ಸುಡಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಂಪ್‌ಹೌಸಿನಲ್ಲೇ ಒಂದು ಮಾಡ್‌ಬಸ್ ಗೇಟ್‌ವೇ ಇಡಿ, ಅಂದರೆ ಆರ್‌ಎಸ್-485 ತಂತಿಯ ಮಾತನ್ನು ನೆಟ್‌ವರ್ಕಿಗೆ ದಾಟಿಸುವ ಪೆಟ್ಟಿಗೆ. ಪಿಎಲ್‌ಸಿಯಿಂದ ಅದಕ್ಕೆ ಎರಡು ಮೀಟರ್ ಹೆಣೆದ ಜೋಡಿ ತಂತಿ ಸಾಕು, ಅದು ಮೋಟಾರ್ ಕೇಬಲ್ ಪಕ್ಕ ಹೋಗದಿರಲಿ. ಅಲ್ಲಿಂದ ಮನೆಗೆ ಹೊರಾಂಗಣದ ವೈಫೈ ಬ್ರಿಡ್ಜ್ ಅಥವಾ ಫೈಬರ್. ಗೇಟ್‌ವೇ ಮಾಡ್‌ಬಸ್ ಟಿಸಿಪಿಗೆ ಬದಲಾಯಿಸಿ ಕೊಡುತ್ತದೋ, ಆರ್‌ಟಿಯುವನ್ನೇ ಹಾಗೇ ದಾಟಿಸುತ್ತದೋ ನೋಡಿಕೊಳ್ಳಿ. ಹೋಂ ಅಸಿಸ್ಟೆಂಟ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಟೈಪ್ ಕೊಡಬೇಕು.

ಮಾಡ್‌ಬಸ್‌ಗೆ ಪಾಸ್‌ವರ್ಡ್ ಅನ್ನುವುದೇ ಇಲ್ಲ. ಕೇಳಿದವರಿಗೆಲ್ಲ ಉತ್ತರ ಕೊಡುತ್ತದೆ, ಹೇಳಿದವರ ಮಾತು ಕೇಳುತ್ತದೆ. ಆದ್ದರಿಂದ ರೌಟರಿನಲ್ಲಿ ಮಾಡ್‌ಬಸ್ ಟಿಸಿಪಿ ಬಳಸುವ 502 ಪೋರ್ಟ್ ತೆರೆದು ಇಂಟರ್‌ನೆಟ್‌ಗೆ ಬಿಡಲೇಬೇಡಿ. 2023ರ ನವೆಂಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪಾ ಊರಿನ ನೀರು ಸರಬರಾಜಿನ ಪಿಎಲ್‌ಸಿಗೆ ಹೊರಗಿನವರು ನುಗ್ಗಿದರು. ಅಲ್ಲಿದ್ದದ್ದು ಬೇರೆ ಕಂಪನಿಯ ಕಂಟ್ರೋಲರ್, ಆದರೆ ಅದೂ ಇಂಟರ್‌ನೆಟ್‌ಗೆ ತೆರೆದೇ ಇತ್ತು. ಸಿಬ್ಬಂದಿ ಪಂಪನ್ನು ಕೈಯಿಂದ ನಡೆಸಬೇಕಾಯಿತು. ಊರಿಂದ ಹೊರಗಿದ್ದಾಗ ನೋಡಬೇಕಂದರೆ ವೈರ್‌ಗಾರ್ಡ್‌ನಂಥ ವಿಪಿಎನ್ (ಮನೆಯ ನೆಟ್‌ವರ್ಕಿಗೆ ಗುಟ್ಟಾದ ಸುರಕ್ಷಿತ ದಾರಿ) ಹಾಕಿಕೊಳ್ಳಿ.

ಪ್ರಶ್ನೆ: ನನ್ನ ಎನರ್ಜಿ ಮೀಟರನ್ನು ಮಾಡ್‌ಬಸ್‌ನಲ್ಲಿ ಜೋಡಿಸಿದ್ದೇನೆ. ಮೀಟರ್ ಮೇಲೆ 230 ವೋಲ್ಟ್ ಇದೆ. ಹೋಂ ಅಸಿಸ್ಟೆಂಟ್ 17254 ತೋರಿಸುತ್ತದೆ. ಮೀಟರ್ ಕೆಟ್ಟಿದೆಯಾ?

ಉತ್ತರ: ಮೀಟರ್ ಚೆನ್ನಾಗಿದೆ. ಅದು ವೋಲ್ಟೇಜನ್ನು 32 ಬಿಟ್ ಫ್ಲೋಟ್ ಆಗಿ ಎರಡು ರಿಜಿಸ್ಟರಿನಲ್ಲಿ ಇಡುತ್ತದೆ. ನೀವು ಟೈಪ್ ಹೇಳದಿದ್ದರಿಂದ ಹೋಂ ಅಸಿಸ್ಟೆಂಟ್ 16 ಬಿಟ್ ಪೂರ್ಣಾಂಕ ಅಂತ ತಿಳಿದು ಮೊದಲರ್ಧ ಮಾತ್ರ ಓದುತ್ತಿದೆ. 230ರ ಫ್ಲೋಟ್ ರೂಪದ ಮೊದಲರ್ಧವೇ 17254. ವೋಲ್ಟೇಜ್ 231 ಆದಾಗ 17255 ಆಗುವುದನ್ನು ನೀವೇ ನೋಡಬಹುದು. ಡೇಟಾ ಟೈಪನ್ನು ಫ್ಲೋಟ್32 ಮಾಡಿ, ಸರಿಹೋಗುತ್ತದೆ. ಮುಂದೆ ಬೇರೆ ಮೀಟರ್ ತಂದಾಗ ಫ್ಲೋಟ್ ಕೊಟ್ಟರೂ ಸೊನ್ನೆಯೇ ಬಂದರೆ, ಅದು ಎರಡು ಅರ್ಧಗಳನ್ನು ಹಿಂದುಮುಂದಾಗಿ ಕಳಿಸುತ್ತಿರಬಹುದು. ಆಗ ಸ್ವಾಪ್ ಅನ್ನುವಲ್ಲಿ ವರ್ಡ್ ಅಂತ ಕೊಡಿ. ಮೀಟರಿನ ಪುಸ್ತಕದಲ್ಲಿ 30001 ಅಂತಿದ್ದರೆ ನೀವು ಬರೆಯಬೇಕಾದ ವಿಳಾಸ 0, ರಿಜಿಸ್ಟರ್ ಬಗೆ ಇನ್‌ಪುಟ್.